ಬಾಣಲೆಯಲ್ಲಿ ಎರಡೇ ಉಂಡೆ

ರಾಟರ್‌ಡ್ಯಾಮ್ ಪಕ್ಕದ ನಮ್ಮ ಊರು ಸ್ಪೈಕೆನಿಸ್ಸೆಯಲ್ಲಿ ಸಂಜೆ ಆರಕ್ಕೆ ಯಾರೂ ಯಾರ ಮನೆಯ ಗಂಟೆ ಒತ್ತುವುದಿಲ್ಲ. ಊರಿಗೆ ಊರೇ ರಾತ್ರಿಯೂಟದ ಆಲೂಗಡ್ಡೆಯ ಮುಂದೆ ಕೂತಿರುವ ಹೊತ್ತದು. ಪಕ್ಕದ ಮನೆಯ ಕ್ರೈನ್ ಅಂತೂ ಗೆರೆ ದಾಟದ ಮನುಷ್ಯ. ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಟೇನರುಗಳ ನಂಬರು ಬರೆಯುವ ಕೆಲಸ. ಮೂವತ್ತನಾಲ್ಕು ವರ್ಷ ಅದೇ ಮೆಟ್ರೋ, ಅದೇ ಕಿಟಕಿ. ತಾಯಿಯನ್ನು ಮಣ್ಣು ಮಾಡಿದ ದಿನವೂ ನೆಂಟರ ಜೊತೆಯ ಕಾಫಿ ಅರ್ಧಕ್ಕೆ ಬಿಟ್ಟು, ಕೆಲಸದ ಮೆಟ್ರೋಗೆ ಹೊತ್ತಾಯಿತೆಂದು ಎದ್ದಿದ್ದ.

"ನೀನು ಮನುಷ್ಯ ಅಲ್ಲ ಕಣೋ, ಗಡಿಯಾರದ ಮುಳ್ಳು!" ಎಂದುಬಿಟ್ಟ ತಮ್ಮ ಬಾಸ್ಟಿಯಾನ್, ನೆಂಟರೆದುರಿಗೇ.

ಅಂದಿನಿಂದ ಒಂಬತ್ತು ವರ್ಷ ಇಬ್ಬರಿಗೂ ಮಾತಿಲ್ಲ. ಆದರೂ ಇಲ್ಲಿ ಎಲ್ಲರೂ ತೂಗುಹಾಕುವಂತೆ ಶೌಚಾಲಯದ ಗೋಡೆಯಲ್ಲಿದ್ದ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ತಮ್ಮನ ಹೆಸರು ಹಾಗೇ ಇತ್ತು. ಪ್ರತಿ ಮಾರ್ಚಿನಲ್ಲೂ ಅವನ ಹುಟ್ಟುಹಬ್ಬಕ್ಕೆ ಕ್ರೈನ್ ಒಂದು ಕಾರ್ಡು ಕೊಳ್ಳುತ್ತಿದ್ದ, ಕಳಿಸದೆ ಡ್ರಾಯರಿಗೆ ಹಾಕುತ್ತಿದ್ದ. ಹಟ ಅಂದರೆ ಹಟ.

ಹೋದ ನವೆಂಬರಿನ ಒಂದು ಮಂಗಳವಾರ, ಆರು ಹೊಡೆದಿತ್ತಷ್ಟೆ, ಬಾಸ್ಟಿಯಾನ್ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾ..."

"ಏನೋ ಇದು, ಈ ಹೊತ್ನಲ್ಲಿ? ಊಟಕ್ಕೆ ಕೂತಿದೀವಲ್ಲೋ. ಶನಿವಾರ ಹತ್ತೂವರೆಗೆ ಕಾಫಿಗೆ ಬಾ. ಬರ್ದಿಟ್ಕೋತೀನಿ."

"ಶನಿವಾರನಾ... ಆಯ್ತು ಬಿಡು. ಹೋಗು, ಊಟ ಆರೋಗತ್ತೆ."

ಬಾಣಲೆಯಲ್ಲಿ ಇದ್ದದ್ದು ಎರಡೇ ಮಾಂಸದುಂಡೆ, ಗಂಡನಿಗೊಂದು, ಹೆಂಡತಿಗೊಂದು. ಒಂದನ್ನು ಅರ್ಧ ಮಾಡಬಹುದೆಂದು ಕ್ರೈನ್‌ಗೂ ಹೊಳೆಯಲಿಲ್ಲ, ಹೆಂಡತಿ ನೇಲ್ಚೆಗೂ ಹೊಳೆಯಲಿಲ್ಲ. ಬಾಸ್ಟಿಯಾನ್ ಜಿಟಿಜಿಟಿ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಮೆಟ್ರೋ ಕಡೆಗೆ ನಡೆದ. ಕಿಟಕಿಯಿಂದ ನಾನೂ ಕಂಡೆ. ನನ್ನ ತಟ್ಟೆಯೂ ಬಿಸಿಯಾಗಿತ್ತು, ನಾನೂ ಏಳಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಏಳೂವರೆಗೆ ಕ್ರೈನ್ ನಮ್ಮ ಮನೆಗೇ ಬಂದ. "ನನ್ ತಮ್ಮ ಬಂದಿದ್ದ ಮಾರಾಯಾ! ಅವನಾಗೇ ಬಂದಿದ್ದ! ಶನಿವಾರ ಮತ್ತೆ ಬರ್ತಾನೆ!"

ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಆಸಾಮಿ ಮರುದಿನ ಬೇಕರಿಗೆ ಹೋಗಿ ಇಡೀ ಕೇಕಿಗೆ ಹೇಳಿಬಂದ. ನೇಲ್ಚೆಯೇ ಬೆರಗಾದಳು.

ಗುರುವಾರ ಬಾಸ್ಟಿಯಾನ್‌ಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಇನ್ನು ಬರುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಒಂಬತ್ತು ವರ್ಷದ ಮೇಲೆ ಅಣ್ಣನಿಗೆ ಏನು ಹೇಳಬೇಕೆಂದು ಅಷ್ಟು ದೂರ ಬಂದಿದ್ದನೋ, ಇನ್ನು ಯಾರಿಗೂ ತಿಳಿಯುವಂತಿಲ್ಲ.

ಅವನನ್ನು ಆರೈಕೆಯ ಮನೆಗೆ ಸೇರಿಸಿದ ವಾರ ನಾನೂ ಕ್ರೈನ್ ಜೊತೆ ನೋಡಲು ಹೋದೆ. ಬಸ್ಸು ತಡವಾಗಿ, ತಲುಪಿದಾಗ ಆರಾಗಿತ್ತು. ನರ್ಸ್ ಬಾಗಿಲಲ್ಲೇ ತಡೆದಳು.

"ಊಟದ ಹೊತ್ತು ಸಾರ್. ಏಳರ ಮೇಲೆ ಬನ್ನಿ."

ಇವನು ತಲೆಯಾಡಿಸಿ ಹೊರಗೆ ಬೆಂಚು ಹುಡುಕುತ್ತಾನೆಂದುಕೊಂಡೆ. ಹುಟ್ಟಾ ನಿಯಮ ಮೀರದವನಲ್ಲವೇ. ಕ್ರೈನ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದ.

"ಹಾಗನ್ಬೇಡ ತಾಯಿ," ಎಂದ. "ನಾನೂ ಹಾಗೇ ಅಂದಿದ್ದೆ. ಅವನು ಸರಿ ಅಂತ ಹೊರಟೇಹೋದ."