ಕಟಕೋಳದಿಂದ ಬಂದ ಕ್ಯಾಸೆಟ್

ನನ್ನ ಹೆಂಡತಿ ಕಟಕೋಳದ ಶಾಲೆಯಲ್ಲಿ ಶಿಕ್ಷಕಿ, ನಾನು ಬೈಲಹೊಂಗಲದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ. ರವಿವಾರ ಅವಳಾದರೂ ನಾನಾದರೂ ಬಸ್ಸು ಹತ್ತುತ್ತಿದ್ದೆವು. ತೊಂಬತ್ತರ ದಶಕ, ಇಬ್ಬರ ಕೋಣೆಯಲ್ಲೂ ಫೋನಿಲ್ಲ. ದಿನವೆಲ್ಲ ಮಕ್ಕಳ ಕಾಪಿ ತಿದ್ದುವವಳಿಗೆ ಪತ್ರವೆಂದರೆ ತಲೆನೋವು. ಹಾಗಾಗಿ ನಡುವಿನ ದಿನಗಳಿಗೆ ಒಂದು ಕ್ಯಾಸೆಟ್ ಇಟ್ಟುಕೊಂಡಿದ್ದೆವು.

ಅವಳು ಟೇಪ್‌ರೆಕಾರ್ಡರಿನಲ್ಲಿ ಮಾತಾಡಿ ಬಸ್ಸಿನ ಕಂಡಕ್ಟರ್ ಚಾಚಾನ ಕೈಗೆ ಕೊಡುವಳು. ಸವದತ್ತಿ ದಾಟಿ ಸಂಜೆ ಬಸ್ಸು ಬಂದಾಗ ನಾನು ಸ್ಟ್ಯಾಂಡಿನಲ್ಲಿರುತ್ತಿದ್ದೆ. "ಅಕ್ಕೋರ ಮಾತು ಬಂದಾವ, ತಗೋರಿ ಸರ್," ಎಂದು ಚಾಚಾ ಕಿಟಕಿಯಿಂದಲೇ ಚಾಚುತ್ತಿದ್ದ. ಕೇಳಿ ಮುಗಿಸಿ, ಅದರ ಮೇಲೆಯೇ ನನ್ನ ಉತ್ತರ ಹಾಕಿ ಮರಳಿ ಕಳಿಸುತ್ತಿದ್ದೆ. ಅವಳ ದನಿ ಅಳಿಸಿ ನನ್ನದು, ನನ್ನದು ಅಳಿಸಿ ಅವಳದು. ಇನ್ನೊಂದು ಕ್ಯಾಸೆಟ್ ತರಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮಾತಿಗೇನು ಕೊರತೆ ಎಂದುಕೊಂಡಿದ್ದೆವು.

ಕೊನೆಯ ಕ್ಯಾಸೆಟ್ಟಿನಲ್ಲಿ ಅವಳು ಕೇಳಿದ್ದು ಇಷ್ಟು: "ನಮ್ಮ ಸಾಲಿ ಹುಡುಗೂರು ಕೇಳಾಕ ಹತ್ಯಾವ್ರಿ, ಸರ್ ಅವರ ಕಂಪ್ಯೂಟರ್ ಏನ ತಿಂತೈತಿ ಅಂತ." ಆಮೇಲೆ ತಡೆಯಲಾರದೆ ನಗುತ್ತಾಳೆ. "ಏನ ಹೇಳಲಿ? ಲಗೂನ ಹೇಳಿ ಕಳಸ್ರಿ."

ನಾನು ಉತ್ತರ ಹಾಕುವ ಮುಂಚೆ ಜ್ವರ ಅವಳನ್ನು ಒಯ್ದಿತು. ಆದ್ದರಿಂದಲೇ ಆ ದನಿ ಉಳಿಯಿತು. ಎಷ್ಟೋ ತಿಂಗಳು ಸಂಜೆಯಾದರೆ ನನ್ನ ಕಾಲು ತಾವೇ ಸ್ಟ್ಯಾಂಡಿಗೆ ಹೋಗುತ್ತಿದ್ದವು. "ಸರ್, ಯಾಕ ನಿಂತೀರಿ? ಮನೀಗೆ ನಡೀರಿ," ಎಂದು ಚಾಚಾ ತಲೆ ತಗ್ಗಿಸಿ ಹೇಳುತ್ತಿದ್ದ. ಮನೆಯಲ್ಲಿ ಯಾರಿದ್ದರು?

ಕೆಲವು ವರ್ಷಗಳ ನಂತರ ಟೇಪಿಗೆ ಬೂಷ್ಟು ಹಿಡಿಯಿತು. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅದು ಪ್ಲೇಯರಿನಲ್ಲೇ ಸಿಕ್ಕಿ ತುಂಡಾಯಿತು. ದನಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಯುಪಿಎಸ್‌ ಹಿಂದೆ ಎರಡೇ ತೂತು, ಒಂದು ಕಂಪ್ಯೂಟರಿಗೆ, ಇನ್ನೊಂದು ಮಾನಿಟರಿಗೆ. ಡಿಸ್ಕಿನ ವೈರು ಗೋಡೆಯ ಪ್ಲಗ್ಗಿಗೆ. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಟೇಪಿನ ಬುಸ್ಸೆನ್ನುವ ಸದ್ದು ತೆಗೆದು ಅವಳ ದನಿಯನ್ನು ಅದೇ ಫೈಲಿನ ಮೇಲೆ ಮತ್ತೆ ಉಳಿಸುತ್ತಿರುವಾಗ ಕರೆಂಟ್ ಹೋಯಿತು. ಡಿಸ್ಕ್ ನಿಂತಿತು, ಯುಪಿಎಸ್ ಬ್ಯಾಟರಿಯಿಂದ ಕಂಪ್ಯೂಟರ್ ನಡೆಯುತ್ತಲೇ ಇತ್ತು. ಕರೆಂಟ್ ಬಂದು, ಉಳಿಸುವ ಕೆಲಸ ಮುಗಿದ ಮೇಲೆ ಕೇಳಿದರೆ, ಪ್ರಶ್ನೆ ಇದೆ, "ಏನ ಹೇಳಲಿ" ಇದೆ, ನಡುವೆ ಅವಳು ನಗುವ ಕಡೆ ಬರೀ ಕರ್ರೆನ್ನುವ ಸದ್ದು. ನಾನು ಅತ್ತೆ. ಅವಳು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

"ನಿಮ್ಮ ಕೈ ತಪ್ಪಿರಬೇಕ್ರಿ ಸರ್," ಎಂದ ಲ್ಯಾಬಿನ ಸಹೋದ್ಯೋಗಿ. ಮೊದಲೇ ಸಿಡುಕ ನಾನು. ಅವನೊಡನೆ ಮಾತು ಬಿಟ್ಟೆ. ನನ್ನ ಆಪರೇಟಿಂಗ್ ಸಿಸ್ಟಮ್ ಪುಕ್ಕಟೆಯದು, ಅದರ ಕೋಡನ್ನು ಯಾರು ಬೇಕಾದರೂ ಓದಬಹುದು. ಓದಲು ಕುಳಿತೆ. ಅದನ್ನು ನೋಡಿಕೊಳ್ಳುವವರು ಯಾವುದೋ ದೇಶದವರು, ಅವರಿಗೆ ಮೇಲ್ ಬರೆದೆ. ತಮ್ಮಲ್ಲಿ ಹೀಗಾಗುವುದಿಲ್ಲ, ಕಂಪ್ಯೂಟರ್ ನಡೆಯುತ್ತಿರುವಾಗ ಡಿಸ್ಕಿಗೆ ಮಾತ್ರ ಕರೆಂಟ್ ಹೋಗುವುದು ಹೇಗೆ ಎಂದು ಕೇಳಿದರು. ಬೈಲಹೊಂಗಲಕ್ಕೆ ಬಂದು ನೋಡಿ ಎಂದು ಬರೆಯಬೇಕೆನಿಸಿತು. ಯುಪಿಎಸ್‌ನ ಎರಡು ತೂತುಗಳ ಕತೆ ಬರೆದೆ.

ಕೊನೆಗೆ ತಪ್ಪು ಸಿಕ್ಕಿದ್ದು ಡ್ರೈವರಿನಲ್ಲಿ, ಅಂದರೆ ಡಿಸ್ಕಿನೊಡನೆ ವ್ಯವಹರಿಸುವ ಪುಟ್ಟ ಪ್ರೋಗ್ರಾಮಿನಲ್ಲಿ. ತನ್ನ ಕೆಲಸಕ್ಕೆ ಅದು ಮೆಮೊರಿಯಲ್ಲಿ ಸ್ವಲ್ಪ ಜಾಗ ಹಿಡಿಯುತ್ತದೆ. ಡಿಸ್ಕ್ ಹೋದಾಗ ಆ ಜಾಗವನ್ನು ಬಿಟ್ಟುಕೊಟ್ಟಿತ್ತು, ಹಳೆಯ ವಿಳಾಸವನ್ನು ಮಾತ್ರ ಬಿಟ್ಟಿರಲಿಲ್ಲ. ಆ ಜಾಗಕ್ಕೆ ಅಷ್ಟರಲ್ಲಿ ಅವಳ ನಗು ಬಂದು ಕುಳಿತಿತ್ತು. ಡ್ರೈವರ್ ಮತ್ತೆ ಅಲ್ಲಿಗೇ ಹೋಗಿ ಅದರ ಮೇಲೆ ತನ್ನದನ್ನು ಬರೆಯಿತು. ಕೆಟ್ಟವರಿಗೆ ಗೊತ್ತಾದರೆ ಇದೇ ಬಿರುಕಿನಿಂದ ಇನ್ನೊಬ್ಬರ ಕಂಪ್ಯೂಟರಿನೊಳಗೆ ನುಗ್ಗಬಹುದು ಎಂದು ಆ ದೇಶದವರೇ ಗಾಬರಿಯಾದರು. ಸಿಕ್ಕಿದ್ದನ್ನೆಲ್ಲ ಬೈಯುವ ನನಗೆ ಆ ಡ್ರೈವರನ್ನು ಬೈಯಲು ಬಾಯಿ ಬರಲಿಲ್ಲ. ಯಾರೂ ಇಳಿಯದ ಬಸ್ಸಿಗೆ ನಾನೂ ಕಾಯುತ್ತಿದ್ದವನೇ.

ತಿದ್ದಿದ ಡ್ರೈವರ್ ಬಂತು. ಇದು ನಿಮ್ಮ ಊರಲ್ಲೇ ಪರೀಕ್ಷೆಯಾಗಬೇಕು, ಏನನ್ನಾದರೂ ಉಳಿಸುತ್ತಿರುವಾಗ ಕರೆಂಟ್ ಹೋಗಲಿ ಎಂದು ಬರೆದಿದ್ದರು. ಏನನ್ನು ಉಳಿಸಲಿ? ಮೈಕ್ ಹತ್ತಿರ ಎಳೆದುಕೊಂಡೆ.

"ಕರೆಂಟ್ ತಿಂತೈತಿ ಅಂತ ಹೇಳು. ನಮ್ಮ ಊರಾಗ ಅದಕ್ಕೂ ದಿನಾ ಉಪಾಸ."

ಉಳಿಸುತ್ತಿರುವಾಗ, ಎಂದಿನಂತೆ, ಕರೆಂಟ್ ಹೋಯಿತು. ಡಿಸ್ಕ್ ಇಲ್ಲವೆಂದು ಕಂಪ್ಯೂಟರ್ ನೇರವಾಗಿ ಹೇಳಿ ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ನೋಡಿದೆ. ಅವಳ ದನಿ ಉಳಿದಷ್ಟು ಹಾಗೆಯೇ ಇತ್ತು. ನನ್ನ ಉತ್ತರ ಮಾತ್ರ ಡಿಸ್ಕಿಗೆ ಹೋಗಿರಲಿಲ್ಲ. ಮೈಕ್ ಹಿಡಿದು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಅವಳು ನಗಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ರೆಕಾರ್ಡಿಂಗ್ ನಿಲ್ಲಿಸಿ, ಅವಳ ದನಿಯ ಪಕ್ಕದಲ್ಲಿ ಉಳಿಸಿದೆ.