ಸಹಿ ಹಾಕದ ಹೆಸ್ಬೋನ್ ಒಗಾಲೊ

ನಮ್ಮ ನ್ಯಾಲುವೊ ಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಬೇವಿನ ಮರ, ಅದರಡಿ ನಾಲ್ಕು ಸಿಮೆಂಟು ಬೆಂಚು. ಜನ ಅದಕ್ಕೆ ಪಾರ್ಲಿಮೆಂಟು ಎನ್ನುತ್ತಾರೆ. ಬೆಳಗ್ಗೆ ಎಂಟಕ್ಕೆ ಶುರುವಾದರೆ ದೇಶದ ಸಾಲ, ಸರೋವರದ ಮೀನು, ಮುಂದಿನ ಚುನಾವಣೆ ಎಲ್ಲವೂ ಅಲ್ಲೇ ತೀರ್ಮಾನ. ಪಕ್ಕದಲ್ಲೇ ನಾನು ಹದಿನೆಂಟು ವರ್ಷದಿಂದ ಪತ್ರಿಕೆ ಮಾರುತ್ತೇನೆ. ಮಾರುತ್ತೇನೆ ಅನ್ನುವುದು ಬರೀ ಬಾಯಿಮಾತು. ಆ ಮಹಾಶಯರು ನಿಂತಲ್ಲೇ ಬಗ್ಗಿ ಮುಖಪುಟ ಓದಿ, ನನ್ನ ಪತ್ರಿಕೆಯ ಸುದ್ದಿಯನ್ನು ನನಗೇ ವಿವರಿಸಿ ಹೋಗುತ್ತಾರೆ. ದಿನವೂ ಕೊಳ್ಳುವವರು ಒಬ್ಬರೇ, ಹೆಸ್ಬೋನ್ ಒಗಾಲೊ. ಅವರು ಕೊಳ್ಳುವುದೂ ಪ್ರೀತಿಯಿಂದಲ್ಲ. ಬಿಟ್ಟಿ ಓದಲು ಬಿಟ್ಟ ಪತ್ರಿಕೆಯಲ್ಲಿ ಮುಖ್ಯವಾದ ಹಾಳೆಯನ್ನು ಯಾರೋ ಎಳೆದುಕೊಂಡಿರುತ್ತಾರೆ ಎಂಬ ಗುಮಾನಿಯಿಂದ.

ಅವರಿಗೆ ಈ ಗುಮಾನಿ ಹತ್ತಿಸಿದ್ದು ಕೆಲಸ. ಸರ್ಕಾರದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದರು. ಸಂತೆಯಿಂದ ಸಂತೆಗೆ ಹೋಗಿ ತಕ್ಕಡಿಯ ತಟ್ಟೆ ಮಗುಚಿ, ತಳಕ್ಕೆ ಮೆತ್ತಿದ ಮೇಣ, ಕೊರೆದು ಹಗುರ ಮಾಡಿದ ತೂಕದ ಬಟ್ಟು ಹುಡುಕುವುದು. ಅವರು ಬರುತ್ತಿದ್ದಾರೆಂದರೆ ಮೀನು ಮಾರುವ ಹೆಂಗಸರು ಕುಂಬಳಕಾಯಿ ಕಳ್ಳರ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. ನಿವೃತ್ತರಾದ ಮೇಲೆ ತಕ್ಕಡಿ ಸಿಗಲಿಲ್ಲ, ರಾಜಕಾರಣಿಗಳು ಸಿಕ್ಕರು.

ರಸ್ತೆ ಮಾಡಿಸುತ್ತೇನೆ ಎನ್ನುವವನ ಭಾವಮೈದ ಜಲ್ಲಿ ಕ್ವಾರಿ ಇಟ್ಟಿರುತ್ತಾನೆ ಎನ್ನುವುದು ಅವರ ಮೊದಲ ಸಿದ್ಧಾಂತ. ಬಿಟ್ಟಿ ಗೊಬ್ಬರ ಹಂಚುವವನ ಗೋದಾಮಿನಲ್ಲಿ ಹಳೆಯ ಗೊಬ್ಬರ ಕಲ್ಲಾಗುತ್ತಿರುತ್ತದೆ ಎನ್ನುವುದು ಎರಡನೆಯದು. ಮನೆಮನೆಗೆ ನೀರಿನ ಮೀಟರು ಬಂದಾಗ ಬಕೆಟ್ಟಿಟ್ಟು ಅಳೆದು, ಹತ್ತು ಲೀಟರಿಗೆ ಹನ್ನೊಂದು ಓಡುತ್ತದೆಂದು ಸಾಬೀತು ಮಾಡಿದರು. ಅವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಾಗುತ್ತಿತ್ತು, ಅದೇ ನಮ್ಮನ್ನು ಕೆಡಿಸಿದ್ದು. ಕಳೆದ ಚುನಾವಣೆಗೆ ನಮ್ಮ ವಾರ್ಡಿನಲ್ಲಿ ಇಬ್ಬರು ಗಟ್ಟಿಯಾಗಿ ನಿಂತಿದ್ದರು. ಒಬ್ಬ ಯಾರ ಮನೆಯ ಶವಸಂಸ್ಕಾರಕ್ಕೂ ತಪ್ಪದೆ ಬಂದು ಮೈಕಿನ ಮುಂದೆ ಅಳುವವನು. ಇನ್ನೊಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅಳುವವನನ್ನು ಒಗಾಲೊ ಒಂದೇ ಮಾತಿನಲ್ಲಿ ಮುಗಿಸಿದರು. ಮುಖ್ಯೋಪಾಧ್ಯಾಯಿನಿಯ ಮೇಲೆ ತಿಂಗಳುಗಟ್ಟಲೆ ಹುಡುಕಿದರೂ ಹುಳುಕು ಸಿಗಲಿಲ್ಲ.

"ತಪ್ಪು ಕಾಣ್ತಾನೇ ಇಲ್ಲ ಅಂದ್ರೆ ಆಯಮ್ಮ ಭಾಳ ಚೆನ್ನಾಗಿ ಮುಚ್ಚಿಟ್ಟಿದ್ದಾಳೆ ಅಂತ ಅರ್ಥ" ಎಂದರು ಕೊನೆಗೆ.

ನಾವೆಲ್ಲ ತಲೆಯಾಡಿಸಿ, ಮತ ಹಾಕದೆ ಮನೆಯಲ್ಲೇ ಕೂತೆವು. ಅಳುವವನು ಗೆದ್ದ. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಒಗಾಲೊ ಅವರ ಎಲ್ಲ ಪಾಠಗಳಲ್ಲಿ ದೊಡ್ಡದು ಒಂದಿತ್ತು: ಸಹಿ ಹಾಕಬೇಡಿ. ನೌಕರಿಯಲ್ಲಿದ್ದಾಗ ಒಂದು ಸಭೆಗೆ ಹೋಗಿ, ಬಾಗಿಲಲ್ಲಿ ಹಾಜರಿ ಹಾಳೆಗೆ ಸಹಿ ಹಾಕಿ, ಚಹಾ ಕುಡಿದು ಬಂದಿದ್ದರು. ಎರಡು ತಿಂಗಳಾದ ಮೇಲೆ ಅದೇ ಹಾಳೆ ಒಂದು ವರದಿಯ ಬೆನ್ನಿಗೆ ಅಂಟಿಕೊಂಡು ಬಂತು. ಹಳೆಯ ತಕ್ಕಡಿಗಳನ್ನೇ ಇನ್ನೈದು ವರ್ಷ ನಡೆಸಲು ಇನ್ಸ್‌ಪೆಕ್ಟರುಗಳೆಲ್ಲ ಒಪ್ಪಿದ್ದಾರೆ ಎಂದು ಅದರಲ್ಲಿತ್ತು. ಅಂದಿನಿಂದ ಪಿಂಚಣಿಗೆ ಬಿಟ್ಟು ಇನ್ನಾವುದಕ್ಕೂ ಅವರು ಪೆನ್ನು ಮುಟ್ಟಿಲ್ಲ. ನಮ್ಮಲ್ಲಿ ಸಹಿ ಎಂದರೆ ಹೆಸರು, ಗುರುತಿನ ಚೀಟಿಯ ನಂಬರು, ಫೋನ್ ನಂಬರು ಎಲ್ಲ ಕೊಡಬೇಕು. ಕೊಟ್ಟ ಮಾರನೆಯ ದಿನ ಹೆಸರೂ ಕೇಳದ ಪಕ್ಷವೊಂದರ ಸದಸ್ಯರಾಗಿರುತ್ತೀರಿ ಎಂದು ಇಪ್ಪತ್ತು ವರ್ಷ ಬೆಂಚಿನ ಮೇಲೆ ಬೋಧಿಸಿದರು. ಯಾರಾದರೂ ಕಾಗದ ಹಿಡಿದು ಬಂದರೆ ನಾವೆಲ್ಲ ಒಂದೇ ರಾಗದಲ್ಲಿ ಕೇಳುವುದನ್ನು ಕಲಿತೆವು: ಈ ಹಾಳೆ ನಾಳೆ ಬೇರೆಯದಕ್ಕೆ ಅಂಟುವುದಿಲ್ಲ ಎಂದು ಏನು ಖಾತ್ರಿ?

ಈ ವರ್ಷ ಜಿಲ್ಲೆಯ ಬಜೆಟ್ಟಿನ ಕರಡು ಬಂತು. ಅದನ್ನು ಪೂರ್ತಿ ಓದಿದವರು ಊರಿಗೆ ಒಗಾಲೊ ಒಬ್ಬರೇ ಇರಬೇಕು. ಮೀನು ಮಾರುಕಟ್ಟೆಯ ಪಕ್ಕದ ಚಿಕಿತ್ಸಾಲಯದಲ್ಲಿ ಒಂದು ಹೆರಿಗೆ ಕೋಣೆಯಿದೆ. ಮಂಚ ಎರಡೇ ಆದರೂ ಸುತ್ತಲ ಹೆಂಗಸರಿಗೆಲ್ಲ ಅದೇ ಆಧಾರ. ನನ್ನ ಮಗಳು ಅವೂರ್ ಚೊಚ್ಚಲ ಬಸುರಿ, ಅವಳ ತಪಾಸಣೆಯ ಚೀಟಿಯೂ ಅಲ್ಲೇ. ಎಂಬತ್ತಾರನೆಯ ಪುಟದಲ್ಲಿ "ಕಟ್ಟಡದ ಮರುಬಳಕೆ" ಎಂಬ ಒಂದು ಸಾಲಿನ ಮೇಲೆ ಒಗಾಲೊ ಬೆರಳಿಟ್ಟರು. ಆ ಕೋಣೆ ವಾರ್ಡಿನ ಸದಸ್ಯನ ಕಚೇರಿಯಾಗಲಿತ್ತು, ಅಂದರೆ ಆ ಅಳುಬುರುಕನದು. ಬಸುರಿಯರು ಹದಿನೆಂಟು ಕಿಲೋಮೀಟರು ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು.

ಬಜೆಟ್ಟಿಗೆ ಮೊದಲು ಜನರ ಅಭಿಪ್ರಾಯ ಕೇಳಲೇಬೇಕೆಂದು ಕಾನೂನಿದೆ. ಸಮುದಾಯ ಭವನದಲ್ಲಿ ಸಭೆ ಕರೆದರು. ನಾವು ಅರವತ್ತು ಜನ ಒಗಾಲೊ ಅವರ ಹಿಂದೆ ಹೋದೆವು. ಬಾಗಿಲಲ್ಲಿ ಹಾಜರಿ ಹಾಳೆ, ಪಕ್ಕದಲ್ಲಿ ಬ್ರೆಡ್ಡು ಮತ್ತು ಸೋಡಾದ ರಾಶಿ.

"ಯಾರೂ ಮುಟ್ಬೇಡಿ. ಇವತ್ತು ಸಹಿ, ನಾಳೆ ಒಪ್ಪಿಗೆ" ಎಂದರು ಒಗಾಲೊ.

ಅರವತ್ತು ಜನರೂ ಕೈ ಬೆನ್ನಿಗೆ ಕಟ್ಟಿಕೊಂಡು ಒಳಗೆ ಹೋದೆವು. ನನ್ನ ಹೊಟ್ಟೆ ಚುರುಗುಟ್ಟುತ್ತಿದ್ದರೂ ನಾನು ಬ್ರೆಡ್ಡಿನ ಕಡೆ ನೋಡಲಿಲ್ಲ. ಎಲ್ಲಿಂದಲೋ ಲಾರಿಯಲ್ಲಿ ಬಂದ ನಲವತ್ತೊಂದು ಜನ ಸಾಲಾಗಿ ಸಹಿ ಹಾಕಿ, ಸೋಡಾ ಕುಡಿದು, ಸಭೆ ಶುರುವಾಗುವ ಮೊದಲೇ ಲಾರಿ ಹತ್ತಿದರು. ಒಗಾಲೊ ಎದ್ದು ನಿಂತು ಕಾಲು ಗಂಟೆ ಮಾತಾಡಿದರು. ಒಂದು ವರ್ಷದಲ್ಲಿ ಆ ಕೋಣೆಯಲ್ಲಿ ಹುಟ್ಟಿದ ಮಕ್ಕಳೆಷ್ಟು, ಮಳೆಗಾಲದಲ್ಲಿ ಮುಳುಗುವ ಸೇತುವೆ ಯಾವುದು, ಎಲ್ಲ ಬಾಯಿಪಾಠ. ಭವನ ಚಪ್ಪಾಳೆಯಿಂದ ತುಂಬಿತು. ವೇದಿಕೆಯ ಅಧಿಕಾರಿಯೂ ನಗುತ್ತಾ ಚಪ್ಪಾಳೆ ತಟ್ಟಿದ. ಬರೆದುಕೊಂಡಿದ್ದನ್ನು ಮಾತ್ರ ನಾನು ನೋಡಲಿಲ್ಲ.

ಮೂರು ವಾರಕ್ಕೆ ವರದಿ ಹೊರಬಂತು. ಹಾಜರಿದ್ದವರು ನಲವತ್ತೊಂದು, ಆಕ್ಷೇಪ ಇಲ್ಲ. ಒಗಾಲೊ ಕೋಟು ಹಾಕಿಕೊಂಡು ಕಚೇರಿಗೆ ಹೋದರು. ಅಧಿಕಾರಿ ಬಹಳ ಮರ್ಯಾದೆಯಿಂದ ಕೂರಿಸಿ, ಹಾಳೆ ಮುಂದೆ ತಳ್ಳಿ, ನಿಮ್ಮ ಹೆಸರು ಎಲ್ಲಿದೆ ತೋರಿಸಿ ಹಿರಿಯರೇ ಎಂದನಂತೆ. ಕಾಗದದ ಪ್ರಕಾರ ಅವರು ಆ ದಿನ ಸಭೆಗೆ ಬಂದೇ ಇರಲಿಲ್ಲ.

ಇದನ್ನು ಅವರೇ ಬೆಂಚಿನಲ್ಲಿ ಕೂತು ಹೇಳಿದರು. ಮುಚ್ಚಿಡಲಿಲ್ಲ. ಆಗ ಬಾಡಿಗೆ ಬೈಕು ಓಡಿಸುವ ಒಡುಂಡೊ ಎದ್ದ. ಪಾರ್ಲಿಮೆಂಟಿನಲ್ಲಿ ಅವರ ಅಚ್ಚುಮೆಚ್ಚಿನ ಶಿಷ್ಯ ಅವನೇ.

"ಜದುವೊಂಗ್, ನೀವೇ ಹೇಳ್ಕೊಟ್ಟಿದ್ದು, ಏನೇ ಆದ್ರೂ ಲಾಭ ಯಾರಿಗಾಯ್ತು ನೋಡು ಅಂತ. ಸಹಿ ಹಾಕ್ಬೇಡಿ ಅಂದೋರು ಯಾರು? ಅದರಿಂದ ಲಾಭ ಯಾರಿಗಾಯ್ತು?"

ಜದುವೊಂಗ್ ಎನ್ನುವುದು ನಾವು ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು. ಅದನ್ನು ಅಷ್ಟು ಕೆಟ್ಟದಾಗಿ ಅಂದದ್ದನ್ನು ನಾನು ಕೇಳಿರಲಿಲ್ಲ. ಯಾರೂ ಒಡುಂಡೊನ ಬಾಯಿ ಮುಚ್ಚಿಸಲಿಲ್ಲ. ನಾನೂ ಮುಚ್ಚಿಸಲಿಲ್ಲ. ಹೌದಲ್ಲ, ಯಾಕಿರಬಾರದು ಎಂದು ನನ್ನ ತಲೆಯೂ ಓಡಿತು. ತನ್ನನ್ನು ದುಡ್ಡಿಗೆ ಮಾರಿಕೊಂಡಿಲ್ಲ ಎಂದು ಯಾರು ತಾನೇ ಸಾಬೀತು ಮಾಡಬಲ್ಲರು?

ಮಾರನೆಯ ಬೆಳಗ್ಗೆ ಅವರು ಒಂದು ಅರ್ಜಿ ಟೈಪು ಮಾಡಿಸಿಕೊಂಡು ಬಂದರು. ಹೆರಿಗೆ ಕೋಣೆ ಮುಚ್ಚಬಾರದು ಎಂದು ವಾರ್ಡಿನ ನೂರು ಜನ ಸಹಿ ಹಾಕಿ ಶುಕ್ರವಾರದೊಳಗೆ ಕೊಟ್ಟರೆ ವಿಷಯ ಮತ್ತೆ ಸದಸ್ಯರ ಸಭೆಯ ಮುಂದೆ ಬರುತ್ತದಂತೆ. ಅಂದು ಬುಧವಾರ. ಮೊದಲ ಸಾಲಿನಲ್ಲಿ ಹೆಸ್ಬೋನ್ ಒಗಾಲೊ ಎಂದು ಸಹಿಯಿತ್ತು. ಕೆಳಗೆ ತೊಂಬತ್ತೊಂಬತ್ತು ಖಾಲಿ ಗೆರೆ. ಬೆಂಚಿನವರೆಲ್ಲ ಕನ್ನಡಕ ಮರೆತೆ, ಚೀಟಿ ಮನೆಯಲ್ಲಿದೆ ಎಂದು ಎದ್ದು ಹೋಗಿದ್ದರು. ಅವರು ಹಾಳೆಯನ್ನು ನನ್ನ ಪತ್ರಿಕೆಗಳ ಮೇಲೆ ಹರಡಿದರು.

"ಗೆಮ್ಮಿನ ಮಗಳೇ, ನೀನಾದ್ರೂ ಹಾಕಮ್ಮ" ಎಂದರು. ನನ್ನ ತವರು ಗೆಮ್, ಊರಿನವರೆಲ್ಲ ಕರೆಯುವುದು ಹಾಗೇ.

ಅವೂರ್ ನನ್ನ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು, ಎಂಟನೆಯ ತಿಂಗಳು. ನಾನು ಅರ್ಜಿಯನ್ನು ಮೂರು ಸಲ ಓದಿದೆ. ತಪ್ಪೇನೂ ಕಾಣಲಿಲ್ಲ. ಕಾಣದಿದ್ದದ್ದೇ ನನ್ನನ್ನು ಹೆದರಿಸಿತು. ಪೆನ್ನು ಕೈಯಲ್ಲೇ ಇತ್ತು. ಹಾಳೆಯ ಬೆನ್ನು ತಿರುಗಿಸಿ ನೋಡಿದೆ.

"ಈ ಹಾಳೆ ನಾಳೆ ಬೇರೆಯದಕ್ಕೆ ಅಂಟಲ್ಲ ಅಂತ ಏನು ಖಾತ್ರಿ, ಜದುವೊಂಗ್?"

ಒಂದು ಕ್ಷಣ ಅವರ ಮುಖ ಅರಳಿತು, ದಡ್ಡ ವಿದ್ಯಾರ್ಥಿ ಸರಿಯುತ್ತರ ಕೊಟ್ಟಾಗ ಮೇಷ್ಟರ ಮುಖ ಅರಳುವ ಹಾಗೆ. ಆಮೇಲೆ ಬಾಡಿತು.

"ಚೆನ್ನಾಗಿ ಕಲ್ತಿದ್ದೀಯಮ್ಮ" ಎಂದರು.

ಪೆನ್ನನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮೀನು ಅಂಗಡಿಗಳ ಕಡೆ ನಡೆದರು. ಹಾಕಬಹುದಿತ್ತಲ್ಲಮ್ಮ ಎಂದಳು ಅವೂರ್, ತಲೆ ಎತ್ತದೆ. ಅಷ್ಟು ಹೊತ್ತಿಗೆ ಒಗಾಲೊ ಮೊದಲ ಮೀನಿನಂಗಡಿಯ ಮುಂದೆ ಬಗ್ಗಿ ಹಾಳೆ ಕೊಟ್ಟಿದ್ದರು. ಆ ಹೆಂಗಸೂ ಕೈ ಒರೆಸಿಕೊಂಡು, ಅದನ್ನು ತಿರುಗಿಸಿ ಬೆನ್ನು ನೋಡುತ್ತಿದ್ದಳು.