ಯುದ್ಧವಿಮಾನದ ಮಾವ ಬಂದ ದಿನ

ನಾನಿನ್ನೂ ಚಿಕ್ಕವನಿದ್ದಾಗ, ಒಬ್ಬ ನೆಂಟರ ಒಂದು ದಿನದ ಭೇಟಿಗಾಗಿ ನಮ್ಮ ಮನೆಯಿಂದ ಕರೆಯುವ ಎಮ್ಮೆಯೇ ಹೋಯಿತು. ಅಪ್ಪ ಅದನ್ನು ಮಾರಿ ಅಣ್ಣನಿಗೆ ಮೈಸೂರಿನಲ್ಲಿ ಕೋಟು, ಪ್ಯಾಂಟು ಹೊಲಿಸಿದರು, ಬೂಟು ಕೊಡಿಸಿದರು, ಮಿಕ್ಕಿದ್ದರಲ್ಲಿ ಹೋಳಿಗೆ ಊಟಕ್ಕೆ ಸಾಮಾನು ತಂದರು. ಎಮ್ಮೆಗೆ ಸರಿಯಾದ ಬೆಲೆಯೂ ಬರಲಿಲ್ಲ. ಅವಸರದಲ್ಲಿ ಮಾರುವವನ ಮುಖ ನೋಡಿದರೇ ಕೊಳ್ಳುವವನಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಅವನು ಹೇಳಿದ್ದೇ ರೇಟು. ಇದನ್ನು ನಾನು ವ್ಯಾಪಾರಕ್ಕೆ ಇಳಿದ ಮೇಲೆ ಕಲಿತೆ. ಅಪ್ಪ ಕೊನೆವರೆಗೂ ಕಲಿಯಲಿಲ್ಲ.

ಬರುವವರು ಅವ್ವನ ಅಣ್ಣ, ನಮ್ಮ ಮಾವ. ಹುಣಸೂರು ಪೇಟೆಯ ಅಂಗಡಿಯಲ್ಲಿ ತಾತನ ಪಕ್ಕ ಕೂತು ಬೆಲ್ಲ ತೂಗಬೇಕಾಗಿದ್ದವರು, ಕಾಲೇಜಿನಿಂದ ನೇರವಾಗಿ ದೊಡ್ಡ ಯುದ್ಧಕ್ಕೆ ಹೋಗಿ ಬರ್ಮಾದ ಕಾಡಿನ ಮೇಲೆ ಯುದ್ಧವಿಮಾನ ಹಾರಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೂ ವಾಯುಪಡೆಯಲ್ಲೇ ಉಳಿದು ವಿಂಗ್ ಕಮಾಂಡರ್ ಆಗಿದ್ದರು. ನಮ್ಮೂರು ಬೆಟ್ಟದಪುರದ ಸುತ್ತಮುತ್ತ ಅಂಥವರು ಇನ್ನೊಬ್ಬರಿರಲಿಲ್ಲ. ಅಣ್ಣನಿಗೂ ಪೈಲಟ್ ಆಗುವುದೊಂದೇ ಆಸೆ. ಮಾವ ಒಂದು ಮಾತು ಹೇಳಿದರೆ ಸಾಕು, ವಾಯುಪಡೆಯ ಬಾಗಿಲು ತೆರೆಯುತ್ತದೆ ಎಂದು ಮನೆಯವರೆಲ್ಲ ನಂಬಿದ್ದೆವು.

ಅಣ್ಣನೂ ಸುಮ್ಮನೆ ಕೂತಿರಲಿಲ್ಲ. ದಿನಾ ಬೆಳಿಗ್ಗೆ ಉಸಿರು ಗಟ್ಟಿಯಾಗಲಿ ಅಂತ ಬೆಟ್ಟ ಹತ್ತಿ ಇಳಿಯುತ್ತಿದ್ದ. ಇಂಗ್ಲಿಷಿನಲ್ಲಿ ಮಾತಾಡುವುದನ್ನು ಎತ್ತುಗಳ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದ. ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ಅಕ್ಕ ಆ ದಿನ ಅವನ ಹೊಸ ವೇಷ ನೋಡಿ, "ಏನ್ ಸಾಯೇಬ್ರೆ, ಬೂಟಾಕ್ಕೊಂಡೇ ಕೊಟ್ಟಿಗೆ ಗುಡಿಸ್ತೀರೋ?" ಅಂದಳು.

"ನಗು ಕಣ್ಲೇ, ನಗು. ನಿನ್ ಗಂಡನ್ ಮನೆ ಮ್ಯಾಲೆ ಇಮಾನದಲ್ಲಿ ಗಿರಕಿ ಒಡೀತೀನಿ. ನಿಮ್ಮತ್ತೆ ಎದ್ರಿ ಅಟ್ಟ ಅತ್ತಬೇಕು!" ಎಂದ ಅಣ್ಣ.

ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬಿಸಿಯಲ್ಲಿ ಹದವಾದ ಹೊಗೆಸೊಪ್ಪು ಜಗಲಿಯ ಉದ್ದಕ್ಕೂ ರಾಶಿ ಬಿದ್ದಿತ್ತು. ಅದರ ಘಾಟಿಗೆ ಮೂಗು ಉರಿಯುತ್ತಿತ್ತು. ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ. ಹೊತ್ತೇರುವ ಹೊತ್ತಿಗೆ ಜೀಪು ಬಂತು. ಮಾವ ಇಳಿದರು. ನಾನು ಆನೆಯಂಥ ಮನುಷ್ಯನನ್ನು ಎಣಿಸಿದ್ದೆ. ಇಳಿದವರು ಸಣಕಲು, ಕಿವಿಯ ಹತ್ತಿರ ಸುಟ್ಟ ಗಾಯದ ಕಲೆ, ಮಾತು ಕಡಿಮೆ.

ಅಣ್ಣನನ್ನು ಬೆಳಕಿಗೆ ನಿಲ್ಲಿಸಿ, ಗುಡಿಯಿದ್ದ ಬೆಟ್ಟದ ತುದಿಯ ಕಡೆ ಕೈ ತೋರಿಸಿ, "ಗುಡಿ ಹತ್ರ ಏನ್ ಕಾಣ್ತದೆ, ಹೇಳು" ಅಂದರು. ಅಣ್ಣ ಹದ್ದಿನಂತೆ ನೋಡಿ, ಒಬ್ಬ ಮುದುಕ ಕೂತಿದ್ದಾನೆ, ಪಕ್ಕದಲ್ಲಿ ಆಡು ಇದೆ ಅಂದ. ನಮಗೆಲ್ಲ ಬರೀ ಚುಕ್ಕೆ ಕಂಡಿತ್ತು. ಮಾವ ಬೈನಾಕ್ಯುಲರ್ ಹಿಡಿದು ನೋಡಿ, ಮೊದಲ ಸಲ ನಕ್ಕರು. ಅವ್ವ ಒಳಗೆ ಹೋಗಿ ದೇವರಿಗೆ ಇನ್ನೊಂದು ದೀಪ ಹಚ್ಚಿದಳು.

ಊಟವಾದ ಮೇಲೆ ಮಾವ ಜಗಲಿಯಲ್ಲಿ ಚಾಪೆ ಹಾಕಿಸಿಕೊಂಡು ಒರಗಿದರು. ನಾವು ಸೊಪ್ಪು ವಿಂಗಡಿಸಲು ಕೂತೆವು. ನಿಂಬೆಹಣ್ಣಿನ ಬಣ್ಣದ ಎಲೆ ಒಂದು ಕಡೆ, ಕೆಂಪು ತಿರುಗಿದ್ದು ಒಂದು ಕಡೆ, ಹಸಿರು ಉಳಿದದ್ದು ಬೇರೆ. ಕೆಂಪಿನ ಕಟ್ಟಿನಲ್ಲಿ ಹಸಿರೆಲೆ ಸಿಕ್ಕರೆ ಕೊಳ್ಳುವವರು ಆ ಕಟ್ಟನ್ನೇ ಪಕ್ಕಕ್ಕೆ ಎಸೆಯುತ್ತಿದ್ದರು. ಅಣ್ಣ ಮಾತ್ರ ಪ್ರತಿ ವರ್ಷ ಇದನ್ನು ಕಲಸಿಬಿಡುತ್ತಿದ್ದ. "ಕಣ್ಣು ಕೆಲ್ಸದ ಮ್ಯಾಲಿಲ್ಲ, ಮೋಡದ ಮ್ಯಾಲದೆ" ಎಂದು ಅಪ್ಪ ಬೈಯುತ್ತಿದ್ದರು. ಅವನಿಗೆ ಬೈಗುಳ ತಪ್ಪಿಸಲು ಅಕ್ಕ ಅವನ ಬಲಕ್ಕೇ ಕೂರುತ್ತಿದ್ದಳು. ಅವನು ತಪ್ಪು ರಾಶಿಗೆ ಹಾಕಿದ್ದನ್ನು ಮಾತಿಲ್ಲದೆ ಎತ್ತಿ ಸರಿಯಾದ ಕಡೆ ಇಡುತ್ತಿದ್ದಳು. ನಮಗೆಲ್ಲ ಅದು ಅಭ್ಯಾಸವಾಗಿ ಹೋಗಿತ್ತು.

ಅಕ್ಕನ ಕೈಯನ್ನೇ ಗಮನಿಸುತ್ತಿದ್ದ ಮಾವ ಎದ್ದು ಕೂತರು. "ನೀನು ಒಳಗೋಗವ್ವ" ಎಂದು ಅಕ್ಕನನ್ನು ಕಳಿಸಿದರು. ಅಡುಗೆಮನೆಯಿಂದ ಹಸಿ ಮೆಣಸಿನಕಾಯಿ, ಗಿಡದಲ್ಲೇ ಹಣ್ಣಾದ ಮೆಣಸಿನಕಾಯಿ ಎರಡನ್ನೂ ತರಿಸಿ ತಟ್ಟೆಯಲ್ಲಿ ಕಲಸಿದರು.

"ಹಣ್ಣಾದವನ್ನ ತೆಗಿ."

ಅಣ್ಣ ಒಂದನ್ನು ಎತ್ತಿ ಹಿಚುಕಿ ನೋಡಿದ, ಮೂಸಿದ.

"ಮುಟ್ಟದೆ ಹೇಳು."

ಅಣ್ಣ ತಟ್ಟೆಯನ್ನು ನೋಡಿದ. ನೋಡುತ್ತಲೇ ಇದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತು. ಕೊನೆಗೆ ಒಂದರ ಮೇಲೆ ಬೆರಳು ತೋರಿಸಿದ. ಅದು ಹಸಿರು.

ಮಾವ ತಟ್ಟೆ ಪಕ್ಕಕ್ಕಿಟ್ಟರು. "ಇವನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣ್ತವೆ. ಹುಟ್ಟಿನಿಂದ ಬಂದಿದ್ದು. ಡಾಕ್ಟರು ಪರೀಕ್ಷೆ ಮಾಡ್ದ ದಿನವೇ ವಾಪಸ್ ಕಳಿಸ್ತಾರೆ."

"ಔಸ್ದಿ ಇಲ್ವಾ ಮಾವ?" ಅಣ್ಣನ ದನಿ ಸಣ್ಣಗಾಗಿತ್ತು.

"ಇಲ್ಲ ಕಣಪ್ಪ."

"ಕನ್ನಡ್ಕ?"

"ಅದಕ್ಕೆ ಕನ್ನಡಕ ಇಲ್ಲ."

ಅಪ್ಪ ಬಿಡಲಿಲ್ಲ. "ಬಾವ, ನೀವೇ ದೊಡ್ಡ ಸಾಯೇಬ್ರು. ಒಂದ್ ಮಾತ್ ಏಳುದ್ರೆ ಆಗಾಕಿಲ್ವಾ? ಸೊಪ್ಪು ವಿಂಗಡ್ಸಾಕೇನ್ ಓಯ್ತಾನಾ ಅಲ್ಲಿ?"

ಮಾವ ತಮಗೆ ಆದದ್ದನ್ನೇ ಹೇಳಿದರು. ಬರ್ಮಾದಲ್ಲಿ ಒಂದು ಸಂಜೆ ಅವರ ವಿಮಾನಕ್ಕೆ ಗುಂಡು ಬಿದ್ದು ರೇಡಿಯೋ ಸತ್ತಿತ್ತಂತೆ. ಇಳಿಯಲು ಬಂದಾಗ ಕೆಳಗಿನಿಂದ ಕೆಂಪು ದೀಪ ತೋರಿಸಿದರು. ಚಕ್ರ ಹೊರಗೆ ಬಂದಿರಲಿಲ್ಲ. ಮತ್ತೆ ಮೇಲೇರಿ, ಚಕ್ರ ಬಿಡಿಸಿಕೊಂಡು, ಹಸಿರು ತೋರಿಸಿದ ಮೇಲೆ ಇಳಿದರು. "ಇವನಾಗಿದ್ರೆ ಕೆಂಪಿಗೇ ಇಳಿದುಬಿಡೋನು" ಅಂದರು. ಅವರ ಜೊತೆ ಹಾರಲು ಹೋದವರಲ್ಲಿ ಬಹಳ ಜನ ತಿರುಗಿ ಬರಲಿಲ್ಲವಂತೆ. "ಮೇಲಿನ ಹುದ್ದೆ ಕೊಟ್ಟಂಗೆಲ್ಲ ನನ್ನನ್ನ ನೆಲಕ್ಕೇ ತಂದು ಕೂರಿಸಿದ್ರು. ಈಗ ನಾನು ಹಾರೋದಿಲ್ಲ. ಯಾವನಾದ್ರೂ ಹುಡುಗ ಬಿದ್ದು ಸತ್ರೆ ಅವನ ತಾಯಿಗೆ ಕಾಗದ ಬರೀತೀನಿ. ಅಂಥದ್ದೊಂದನ್ನ ನನ್ನ ತಂಗಿಗೂ ಬರೀಲಾ?"

ಬಾಗಿಲ ಹಿಂದೆ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹೊತ್ತು ಮುಳುಗುವ ಮುಂಚೆಯೇ ಜೀಪು ಹೋಯಿತು.

ಮಾರನೆಯ ದಿನದಿಂದ ಅಣ್ಣ ಬೆಟ್ಟ ಹತ್ತಲಿಲ್ಲ. ಸೊಪ್ಪು ವಿಂಗಡಿಸು ಎಂದು ಅವನನ್ನು ಯಾರೂ ಕರೆಯಲಿಲ್ಲ, ಬೈಯಲೂ ಇಲ್ಲ. ಬೈಯದೆ ಹೋದದ್ದೇ ಅವನಿಗೆ ಹೆಚ್ಚು ನೋವಾಯಿತೇನೋ. ಒಮ್ಮೆ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿ, "ಲೋ, ಮೆಣಸಿನಕಾಯಿ ಅಣ್ಣಾದಾಗ ಎಂಗಿರ್ತದ್ಲಾ?" ಅಂದ.

"ಕೆಂಪಗಿರ್ತದೆ ಕಣಣ್ಣ."

"ಕೆಂಪಗೆ ಅಂದ್ರೆ?"

ಅಣ್ಣ ಉಳಿದ ಬದುಕನ್ನೆಲ್ಲ ಹೊಲದಲ್ಲೇ ಕಳೆದ. ತಲೆಯ ಮೇಲೆ ವಿಮಾನದ ಸದ್ದಾದರೆ ನಾವೆಲ್ಲ ಕತ್ತೆತ್ತುತ್ತಿದ್ದೆವು, ಅವನು ಮಾತ್ರ ಬಗ್ಗಿಯೇ ಇರುತ್ತಿದ್ದ.

ಮಕ್ಕಳೇ, ನಿಮ್ಮ ಕಾಲ ಬೇರೆ. ಹೋದ ವರ್ಷ ಅಕ್ಕನ ಮಗಳ ಮಗನ ಶಾಲೆಗೆ ಕಣ್ಣಿನ ಡಾಕ್ಟರು ಬಂದು, ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸಿದರಂತೆ. ಅವನಿಗೂ ಅಂಕಿ ಕಾಣಲಿಲ್ಲ. ಇದು ತಾಯಿಯ ಕಡೆಯಿಂದ ಹರಿದು ಬರುತ್ತದಂತೆ. ನಮ್ಮ ಅಣ್ಣನಿಗೆ ಇಪ್ಪತ್ತು ವರ್ಷ ಗೊತ್ತಾಗದ್ದು ಅವನಿಗೆ ಐದು ನಿಮಿಷದಲ್ಲಿ ಗೊತ್ತಾಯಿತು. ಆದರೆ ಗುಣಪಡಿಸುವ ಔಷಧಿ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಬದಲಾದದ್ದು ಇಷ್ಟೇ: ಗೊತ್ತಾದಾಗ ಈ ಹುಡುಗ ಇನ್ನೂ ಏನನ್ನೂ ಆಸೆಪಟ್ಟಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೇಳಿ. ಯಾವ ಕೆಲಸಕ್ಕೆ ಮನಸ್ಸು ಕೊಡುವುದಕ್ಕೂ ಮೊದಲು ಆ ಕೆಲಸ ನಿಮ್ಮಿಂದ ಏನು ಕೇಳುತ್ತದೆ ಅಂತ ವಿಚಾರಿಸಿ. ದೊಡ್ಡವರ ಶಿಫಾರಸನ್ನು ಆಮೇಲೆ ನೋಡಿಕೊಳ್ಳಬಹುದು. ಕಣ್ಣು ಪರೀಕ್ಷೆಗೆ ಹೋದಾಗ ಬಣ್ಣದ್ದನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ಇನ್ನು, ನಿಮ್ಮ ತಮ್ಮನೋ ಗೆಳೆಯನೋ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ ಅಪ್ಪನ ಹಾಗೆ ಬೈಯಬೇಡಿ. ಅಕ್ಕನ ಹಾಗೆ ಮುಚ್ಚಲೂ ಬೇಡಿ. ಪಕ್ಕದಲ್ಲಿ ಕೂತು, ನಿನಗೆ ಇದು ಹೇಗೆ ಕಾಣುತ್ತಿದೆ ಅಂತ ಮೊದಲು ಅವನನ್ನೇ ಕೇಳಿ.